ಜೆಫ್ ಆ್ಯಸಲ್ ತಲೆಗೆ ಬಿದ್ದ ಚೆಂಡುಗಳು

ಫುಟ್‌ಬಾಲ್ ಬಿಟ್ಟ ಮೇಲೆ ಇಂಗ್ಲೆಂಡಿನ ಆಟಗಾರ ಜೆಫ್ ಆ್ಯಸಲ್ ಕಿಟಕಿ ಒರೆಸುವ ಕಸುಬು ಹಿಡಿದರು. ಕಚೇರಿ, ಕಾರ್ಖಾನೆಗಳನ್ನು ಸ್ವಚ್ಛ ಮಾಡಿಕೊಡುವ ಸಣ್ಣ ವ್ಯವಹಾರ. ಅದರ ಜಾಹೀರಾತಿನಲ್ಲಿ ಒಂದು ಸಾಲಿತ್ತು: ‘ಜೆಫ್ ಆ್ಯಸಲ್ ಮೂಲೆಗಳನ್ನು ಎಂದೂ ತಪ್ಪಿಸುವುದಿಲ್ಲ.’ ಗಾಜಿನ ಮೂಲೆ ಅಂತಲೂ ಓದಿಕೊಳ್ಳಬಹುದು, ಗೋಲಿನ ಮೂಲೆ ಅಂತಲೂ ಓದಿಕೊಳ್ಳಬಹುದು. ಓದಿದ ಇಂಗ್ಲಿಷರಿಗೆ ಅದರ ಒಳಗುಟ್ಟು ಗೊತ್ತಿತ್ತು. 1970ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಎದುರು ಇದೇ ಮನುಷ್ಯ ಮೂಲೆಯನ್ನಲ್ಲ, ಇಡೀ ಗೋಲನ್ನೇ ತಪ್ಪಿಸಿದ್ದರು. ತನ್ನ ಸೋಲನ್ನೇ ಅಂಗಡಿಯ ಬೋರ್ಡ್ ಮಾಡಿಕೊಂಡು ಬದುಕುವ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ.

ಅದೇ ಆ್ಯಸಲ್ 2002ರ ಜನವರಿ 19ರಂದು, 59ನೇ ವಯಸ್ಸಿಗೆ ತೀರಿಕೊಂಡಾಗ ತಾನು ಫುಟ್‌ಬಾಲ್ ಆಡಿದವನೆಂಬುದೇ ಅವರ ನೆನಪಿನಲ್ಲಿ ಉಳಿದಿರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ವಿಚಾರಣೆ ನಡೆಸಿದ ಕರೋನರ್ ಎಂಬ ಅಧಿಕಾರಿ ಸಾವಿನ ಕಾರಣದ ಜಾಗದಲ್ಲಿ ಬರೆದದ್ದು ‘ಕಸುಬಿನಿಂದ ಬಂದ ರೋಗ’ ಎಂದು. ಕಸುಬು ಎಂದರೆ ಕಿಟಕಿ ಒರೆಸುವುದಲ್ಲ, ಫುಟ್‌ಬಾಲ್. ಇನ್ನೂ ಖಚಿತವಾಗಿ ಹೇಳಬೇಕೆಂದರೆ ತಲೆಯಿಂದ ಚೆಂಡು ಹೊಡೆಯುವುದು, ಆಟದ ಭಾಷೆಯಲ್ಲಿ ಹೆಡಿಂಗ್.

ಮಕ್ಕಳೂ ಆಡುವ ಚೆಂಡು ಆರಡಿ ಎತ್ತರದ ಗಟ್ಟಿ ಆಳನ್ನು ಹೇಗೆ ಕೊಲ್ಲುತ್ತದೆ? ಕೊಲ್ಲುತ್ತದೆ ಎಂದು ಸರ್ಕಾರಿ ಅಧಿಕಾರಿಯೇ ಬರೆದುಕೊಟ್ಟ ಮೇಲೂ ಆಟ ಹಾಗೇ ಹೇಗೆ ನಡೆಯಿತು? ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಕಷ್ಟದ್ದು.

ಮೊದಲು ಆಟಗಾರನ ಕತೆ. ಆ್ಯಸಲ್ ಹುಟ್ಟಿದ್ದು 1942ರ ಮೇ 13ರಂದು, ನಾಟಿಂಗ್‌ಹ್ಯಾಮ್‌ಶೈರ್‌ನ ಈಸ್ಟ್‌ವುಡ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ನಾಟ್ಸ್ ಕೌಂಟಿ ಕ್ಲಬ್‌ನಲ್ಲಿ ಆಟ ಶುರು ಮಾಡಿ, 1964ರಲ್ಲಿ 25,000 ಪೌಂಡ್‌ಗೆ ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ಸೇರಿದರು. ಬರ್ಮಿಂಗ್‌ಹ್ಯಾಮ್ ಪಕ್ಕದ, ಕಾರ್ಖಾನೆ ಕೆಲಸಗಾರರ ಸೀಮೆಯ ಕ್ಲಬ್ ಅದು. ಅಲ್ಲಿ ಹತ್ತು ವರ್ಷದಲ್ಲಿ 361 ಪಂದ್ಯ, 174 ಗೋಲು. ಅಭಿಮಾನಿಗಳು ಅವರನ್ನು ಕರೆಯುತ್ತಿದ್ದದ್ದು ‘ದಿ ಕಿಂಗ್’ ಎಂದು. 1969–70ರ ಸಾಲಿನಲ್ಲಿ 25 ಗೋಲು ಹೊಡೆದು ಇಡೀ ಫಸ್ಟ್ ಡಿವಿಷನ್‌ಗೆ ಮೊದಲಿಗರಾದರು. ಆಗ ಪ್ರೀಮಿಯರ್ ಲೀಗ್ ಇರಲಿಲ್ಲ, ಫಸ್ಟ್ ಡಿವಿಷನ್ನೇ ಮೇಲಿನ ಮೆಟ್ಟಿಲು.

ಅವರ ಬಂಡವಾಳ ತಲೆ. ಮೈದಾನದ ಬದಿಯಿಂದ ಸಹ ಆಟಗಾರ ಚೆಂಡನ್ನು ಎತ್ತರಕ್ಕೆ ಕಳಿಸುತ್ತಾನೆ, ಡಿಫೆಂಡರ್ ಇನ್ನೂ ನೆಲದ ಮೇಲಿರುವಾಗಲೇ ಇವರು ಗಾಳಿಯಲ್ಲಿರುತ್ತಾರೆ, ಹಣೆಯಿಂದ ಚೆಂಡನ್ನು ತಿರುಗಿಸಿ ಬಲೆಯೊಳಕ್ಕೆ ತಳ್ಳುತ್ತಾರೆ. ಪಂದ್ಯದಲ್ಲಿ ಹೀಗೆ ಕೆಲವೇ ಸಲ. ಅದನ್ನು ಸಾಧಿಸಲು ತರಬೇತಿಯಲ್ಲಿ ವಾರವಿಡೀ, ಒಂದಾದ ಮೇಲೊಂದು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಚಿತ್ರವೆಂದರೆ ತಲೆಗೆ ಹೆಸರಾದ ಈ ಆಟಗಾರನನ್ನು ಜನ ನೆನಪಿಟ್ಟುಕೊಂಡಿರುವ ಎರಡು ಗಳಿಗೆಯೂ ಕಾಲಿನವು, ಅದರಲ್ಲೂ ಎಡಗಾಲಿನವು. ಮೊದಲನೆಯದು 1968ರ ಮೇ 18ರ ಎಫ್‌ಎ ಕಪ್ ಫೈನಲ್, ವೆಂಬ್ಲಿಯಲ್ಲಿ ಎವರ್ಟನ್ ವಿರುದ್ಧ. ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಆ್ಯಸಲ್ ಬಲಗಾಲಿನಿಂದ ಹೊಡೆದ ಚೆಂಡು ಎದುರಾಳಿ ಆಟಗಾರನಿಗೆ ಬಡಿದು ವಾಪಸ್ ಬಂತು. ಬಂದದ್ದನ್ನು ಹಾಗೇ ಎಡಗಾಲಿನಿಂದ ಬಾರಿಸಿದರು, ಗೋಲಿನ ಮೇಲ್ಮೂಲೆಗೆ ಹೋಯಿತು. 1–0, ಕಪ್ ಆಲ್ಬಿಯನ್‌ನದಾಯಿತು. ಆ ವರ್ಷದ ಕಪ್‌ನ ಪ್ರತಿ ಸುತ್ತಿನಲ್ಲೂ ಅವರು ಗೋಲು ಹೊಡೆದಿದ್ದರು.

ಎರಡನೆಯದು 1970ರ ಜೂನ್ 7, ಮೆಕ್ಸಿಕೊದ ಗ್ವಾಡಲಹಾರ. ಜೈರ್ಜಿನ್ಹೊ ಗೋಲಿನಿಂದ ಬ್ರೆಜಿಲ್ ಮುಂದಿತ್ತು. ಬದಲಿ ಆಟಗಾರನಾಗಿ ಮೈದಾನಕ್ಕಿಳಿದ ಆ್ಯಸಲ್ ಕಾಲಿಗೆ, ಬ್ರೆಜಿಲ್ ಡಿಫೆಂಡರ್‌ನ ತಪ್ಪಿನಿಂದ ಚೆಂಡು ತಾನಾಗಿ ಬಂದು ಬಿತ್ತು. ಎದುರಿಗೆ ಗೋಲು. ಹೊಡೆದದ್ದು ಕಂಬದ ಆಚೆ ಹೋಯಿತು. ಇಂಗ್ಲೆಂಡ್ ಪರ ಐದು ಪಂದ್ಯ ಆಡಿದರೂ ಗೋಲು ದಕ್ಕಲಿಲ್ಲ. ಹತ್ತು ವರ್ಷದ 174 ಗೋಲುಗಳ ಪಕ್ಕದಲ್ಲಿ ಈ ಒಂದು ತಪ್ಪು ಹೊಡೆತವನ್ನು ಇಡೀ ದೇಶ ಇಷ್ಟು ವರ್ಷ ತಿರುತಿರುಗಿಸಿ ನೋಡಿದ್ದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಅವರು ಮಾತ್ರ ಅದನ್ನು ನಗೆಯಾಗಿಸಿದರು.

1974ರಲ್ಲಿ ಆಲ್ಬಿಯನ್ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದರು. ಆಮೇಲೆ ಡನ್‌ಸ್ಟಬಲ್, ವೇಮತ್ ಮುಂತಾದ ಸಣ್ಣ ಊರಿನ ಕ್ಲಬ್‌ಗಳು. ಇವತ್ತಿನ ಸ್ಟ್ರೈಕರ್ ಒಬ್ಬ ನಿವೃತ್ತನಾದರೆ ಮೊಮ್ಮಕ್ಕಳ ಕಾಲಕ್ಕೂ ಸಾಕಾಗುವಷ್ಟು ಉಳಿಸಿರುತ್ತಾನೆ. ಆ ತಲೆಮಾರು ಹಾಗಲ್ಲ. ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡಬಾರದೆಂಬ ನಿಯಮ ರದ್ದಾದದ್ದೇ 1961ರಲ್ಲಿ. ಆಟ ಮುಗಿದ ಮೇಲೆ ಹೊಟ್ಟೆಪಾಡಿಗೆ ಒಂದು ದಾರಿ ನೋಡಿಕೊಳ್ಳಲೇಬೇಕಿತ್ತು, ಆ್ಯಸಲ್ ಏಣಿ ಬಕೆಟ್ ಹಿಡಿದರು. 1990ರ ದಶಕದ ನಡುವೆ ಡೇವಿಡ್ ಬಡೀಲ್ ಮತ್ತು ಫ್ರ್ಯಾಂಕ್ ಸ್ಕಿನ್ನರ್ ನಡೆಸುತ್ತಿದ್ದ ಬಿಬಿಸಿಯ ಹಾಸ್ಯ ಕಾರ್ಯಕ್ರಮ ಅವರನ್ನು ಮತ್ತೆ ಮನೆಮನೆಗೆ ತಂದಿತು. ಸ್ಕಿನ್ನರ್ ಆಲ್ಬಿಯನ್‌ನ ಕಟ್ಟಾ ಅಭಿಮಾನಿ. ಕಾರ್ಯಕ್ರಮದ ಕೊನೆಗೆ ಆ್ಯಸಲ್ ಬಂದು, ಬಣ್ಣಬಣ್ಣದ ವೇಷ ತೊಟ್ಟು, ಶ್ರುತಿಯ ಹಂಗಿಲ್ಲದೆ ಒಂದು ಹಾಡು ಹಾಡಿ ಹೋಗುತ್ತಿದ್ದರು. ಅವರ ಆಟವನ್ನೇ ನೋಡಿರದ ಹುಡುಗರಿಗೂ ಅಚ್ಚುಮೆಚ್ಚಾದರು.

ಆ ನಗು ನಿಂತ ಸ್ವಲ್ಪ ಕಾಲಕ್ಕೇ ಮನೆಯವರಿಗೆ ಏನೋ ಸರಿಯಿಲ್ಲ ಎನಿಸತೊಡಗಿತು. ಐವತ್ತೈದರ ಆಸುಪಾಸಿನಲ್ಲಿ ವೈದ್ಯರು ಮರೆವಿನ ಕಾಯಿಲೆ ಎಂದರು. ಸಾಮಾನ್ಯವಾಗಿ ಎಂಬತ್ತರ ಅಂಚಿನಲ್ಲಿ ಕಾಣಿಸುವ ಡಿಮೆನ್ಶಿಯಾ ಇವರಿಗೆ ಇಪ್ಪತ್ತೈದು ವರ್ಷ ಮೊದಲೇ ಬಂದಿತ್ತು. ಹೆಂಡತಿ ಲರೇನ್ ಮತ್ತು ಮಕ್ಕಳ ಕಣ್ಣೆದುರೇ ಮನುಷ್ಯ ಇಷ್ಟಿಷ್ಟೇ ಕರಗಿಹೋದ. ಕೊನೆಗೆ ಮಗಳ ಮನೆಯಲ್ಲಿ, ಗಂಟಲಲ್ಲಿ ತುತ್ತು ಸಿಕ್ಕಿ, ಎಲ್ಲರ ಮುಂದೆಯೇ ಪ್ರಾಣ ಹೋಯಿತು.

ಇಲ್ಲಿ ಕರೋನರ್ ಎಂದರೆ ಯಾರು ಎಂದು ಹೇಳಬೇಕು. ಇಂಗ್ಲೆಂಡಿನಲ್ಲಿ ಸಹಜವಲ್ಲದ ಸಾವು ಸಂಭವಿಸಿದರೆ, ಅದು ಏಕೆ, ಹೇಗೆ ಆಯಿತೆಂದು ಬಹಿರಂಗವಾಗಿ ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ ಅವರು. ಯಾರ ಮೇಲೂ ತಪ್ಪು ಹೊರಿಸುವುದು ಅವರ ಕೆಲಸವಲ್ಲ, ಕಾರಣ ಹೇಳುವುದಷ್ಟೇ. ಆ್ಯಸಲ್ ಮೆದುಳನ್ನು ಪರೀಕ್ಷಿಸಿದ ವೈದ್ಯರು ಅದು ಬಾಕ್ಸರ್ ಒಬ್ಬನ ಮೆದುಳನ್ನು ಹೋಲುತ್ತದೆ ಎಂದರು. ಚೆಂಡು ಮತ್ತೆ ಮತ್ತೆ ಬಡಿದು ಹಾನಿಯಾಗಿದೆ ಎಂಬ ಸಾಕ್ಷ್ಯವನ್ನು ಕರೋನರ್ ಒಪ್ಪಿದರು. ಅವರು ಬಳಸಿದ ಪದ ಗಣಿ ಕಾರ್ಮಿಕನ ಶ್ವಾಸಕೋಶಕ್ಕೆ, ಕಲ್ನಾರು ಕಾರ್ಖಾನೆಯವನ ಎದೆಗೆ ಬಳಸುವ ಪದ. ಕೋಲಾರದ ಚಿನ್ನದ ಗಣಿಯವರ ಸಿಲಿಕೋಸಿಸ್ ಬಗ್ಗೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಯಾವುದೋ ಒಂದು ದಿನದ ಧೂಳು ಕೊಲ್ಲಲಿಲ್ಲ, ಇಪ್ಪತ್ತು ಮೂವತ್ತು ವರ್ಷದ ಧೂಳು ಕೊಂದಿತು. ಗಣಿಯ ಊರಿನಲ್ಲಿ ಹುಟ್ಟಿ, ಗಣಿಗಿಳಿಯದೆ ಫುಟ್‌ಬಾಲ್‌ಗೆ ಹೋದವನಿಗೂ ಕೊನೆಗೆ ಗಣಿಯವರ ಷರಾವೇ ಬಿತ್ತು.

ಈಗ ಚೆಂಡಿನ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ಹೇಳುವ ಮಾತು ಒಂದಿದೆ: ಆ ಕಾಲದ ಚೆಂಡು ಭಾರ ಇತ್ತು, ಈಗಿನದು ಹಗುರ. ಇದು ಅರ್ಧ ಸತ್ಯ. ಒಣಗಿದ್ದಾಗ ಅಂದಿನ ಚರ್ಮದ ಚೆಂಡೂ ಇಂದಿನ ಚೆಂಡೂ ತೂಕದಲ್ಲಿ ಒಂದೇ, 410ರಿಂದ 450 ಗ್ರಾಂ. ವ್ಯತ್ಯಾಸ ಮಳೆಯದು. ಮಳೆಯಲ್ಲಿ ನೆಂದ ಚರ್ಮದ ಚಪ್ಪಲಿ ಕಾಲಿಗೆ ಎಷ್ಟು ಭಾರ ಅನ್ನಿಸುತ್ತದೆ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಚಳಿಗಾಲದ ಕೆಸರು ಮೈದಾನದಲ್ಲಿ ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ಚೆಂಡು ನೀರು ಕುಡಿದು ಕೂತಿರುತ್ತಿತ್ತು. ಈಗಿನ ಸಿಂಥೆಟಿಕ್ ಚೆಂಡು ನೀರು ಕುಡಿಯುವುದಿಲ್ಲ, ನಿಜ. ಆದರೆ ಅದು ಹೆಚ್ಚು ವೇಗವಾಗಿ ಬರುತ್ತದೆ. ಪೆಟ್ಟಿನ ಲೆಕ್ಕದಲ್ಲಿ ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟಾಗುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು.

ಕ್ರಿಕೆಟ್‌ಗೆ ಹೋಲಿಸಿದರೆ ಸುಲಭ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ 430 ಗ್ರಾಂ ಫುಟ್‌ಬಾಲ್‌ನಲ್ಲಿರುವ ಶಕ್ತಿ ಸುಮಾರು 60 ಜೂಲ್. ಗಂಟೆಗೆ 100 ಕಿಲೋಮೀಟರ್ ವೇಗದ 160 ಗ್ರಾಂ ಕ್ರಿಕೆಟ್ ಚೆಂಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ ಕ್ರಿಕೆಟ್ ಚೆಂಡಿಗೆ ಯಾರೂ ಬೇಕೆಂದು ಹಣೆ ಒಡ್ಡುವುದಿಲ್ಲ. ಫುಟ್‌ಬಾಲ್ ಮೆತ್ತಗೆ ಅದುಮಿಕೊಳ್ಳುತ್ತದೆ, ತಲೆಯ ಮೇಲೆ ತುಸು ಹೆಚ್ಚು ಹೊತ್ತು ಕೂರುತ್ತದೆ, ಅಗಲಕ್ಕೆ ಹರಡಿ ಬಡಿಯುತ್ತದೆ. ಹಾಗಾಗಿ ಬುರುಡೆ ಒಡೆಯುವುದಿಲ್ಲ, ರಕ್ತ ಬರುವುದಿಲ್ಲ. ಏನೂ ಆಗಲಿಲ್ಲ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ.

ಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುತ್ತಿರುತ್ತದೆ. ಪಾತ್ರೆಯಲ್ಲಿ ಹೆಪ್ಪಾದ ಮೊಸರನ್ನು ಒಮ್ಮೆ ಜೋರಾಗಿ ತಳ್ಳಿ ನಿಲ್ಲಿಸಿ ನೋಡಿ. ಪಾತ್ರೆ ನಿಂತರೂ ಮೊಸರು ಒಂದು ಕ್ಷಣ ಓಡಾಡುತ್ತದೆ, ಅಂಚಿನಲ್ಲಿ ಸೀಳುತ್ತದೆ. ತಲೆ ತಟ್ಟನೆ ನಿಂತಾಗ, ಅದಕ್ಕಿಂತ ಹೆಚ್ಚಾಗಿ ತಟ್ಟನೆ ತಿರುಗಿದಾಗ, ಮೆದುಳಿನ ಪದರಗಳು ಹೀಗೇ ಒಂದರ ಮೇಲೊಂದು ಜಾರಿ ಎಳೆದಾಡುತ್ತವೆ. ಆ್ಯಸಲ್ ಅಂಥವರ ಕಲೆಯೇ ಕತ್ತು ತಿರುಗಿಸಿ ಚೆಂಡಿನ ದಿಕ್ಕು ಬದಲಿಸುವುದು ಎನ್ನುವುದು ಇಲ್ಲಿ ನೆನಪಾಗದೆ ಇರದು.

ಈ ಎಳೆದಾಟಕ್ಕೆ ಸಿಗುವುದು ನರತಂತುಗಳು. ಪ್ರತಿ ತಂತುವಿನೊಳಗೆ ಸರಕು ಸಾಗಿಸುವ ಸೂಕ್ಷ್ಮ ಕೊಳವೆಗಳಿವೆ. ಅವನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಟಾವ್ ಎಂಬ ಪ್ರೋಟೀನ್. ಚಪ್ಪರದ ಗಳುಗಳಿಗೆ ಕಟ್ಟಿದ ಹಗ್ಗದ ಹಾಗೆ ಎಂದುಕೊಳ್ಳಿ. ಮತ್ತೆ ಮತ್ತೆ ಎಳೆದಾಡಿದರೆ ಹಗ್ಗ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಹಗ್ಗ ಸುಮ್ಮನೆ ಬಿದ್ದಿರದೆ ಸಿಕ್ಕುಸಿಕ್ಕಾಗಿ ಗಂಟು ಕಟ್ಟುತ್ತದೆ, ಗಂಟು ಪಕ್ಕದ ಜೀವಕೋಶಕ್ಕೂ ಹಬ್ಬುತ್ತದೆ, ಇತ್ತ ಚಪ್ಪರ ಕುಸಿಯುತ್ತದೆ. ಈ ರೋಗದ ಹೆಸರು ಕ್ರಾನಿಕ್ ಟ್ರಾಮಾಟಿಕ್ ಎನ್ಸೆಫಲೋಪತಿ, ಚುಟುಕಾಗಿ ಸಿಟಿಇ. ಆಲ್ಝೈಮರ್ಸ್‌ನಲ್ಲೂ ಟಾವ್ ಗಂಟುಗಳಿರುತ್ತವೆ, ಆದರೆ ಸಿಟಿಇಯಲ್ಲಿ ಅವು ಕೂರುವ ಜಾಗ ಬೇರೆ: ಮೆದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ಆ ಮಡಿಕೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತವಾಗುತ್ತದೆ. ಅಂದರೆ ರೋಗಿ ಸತ್ತ ಮೇಲೆ.

ಬಾಕ್ಸಿಂಗ್‌ನವರಿಗೆ ಇದು ಹಳೆಯ ಸುದ್ದಿ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ‘ಪಂಚ್ ಡ್ರಂಕ್’ ಬಾಕ್ಸರ್‌ಗಳ ಬಗ್ಗೆ ಬರೆದದ್ದು 1928ರಲ್ಲಿ. ಕುಡಿಯದೆಯೂ ಕುಡಿದವರಂತೆ ತೂರಾಡುವ, ತೊದಲುವ ಬಾಕ್ಸರ್‌ಗಳು. ಬ್ರಿಟನ್ನಿನಲ್ಲೇ 1973ರಲ್ಲಿ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಬಾಕ್ಸರ್‌ಗಳ ಮೆದುಳುಗಳನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ಬಾಕ್ಸರ್‌ನ ಮುಖ ನೋಡಿದರೆ ಪೆಟ್ಟು ಕಾಣುತ್ತದೆ. ಹೆಡಿಂಗ್ ಮಾಡಿದವನ ಹಣೆ ಪಂದ್ಯದ ಮರುದಿನವೂ ನುಣ್ಣಗೇ ಇರುತ್ತದೆ, ಆದ್ದರಿಂದ ಫುಟ್‌ಬಾಲ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಪ್ರಜ್ಞೆ ತಪ್ಪಿಸುವ ಒಂದು ದೊಡ್ಡ ಪೆಟ್ಟು ಬೇಕಿಲ್ಲ, ತಲೆನೋವೂ ತರಿಸದ ಸಾವಿರಾರು ಸಣ್ಣ ಪೆಟ್ಟುಗಳೇ ಸಾಕು ಎಂಬುದನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೂ ಕಾಲ ಹಿಡಿಯಿತು.

ಆಟದ ಆಡಳಿತಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಕರೋನರ್ ತೀರ್ಮಾನ ಬಂದದ್ದು 2002ರಲ್ಲಿ. ಮಾಜಿ ಆಟಗಾರರ ಸಾವುಗಳ ಮೇಲೆ ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂದದ್ದು 2019ರಲ್ಲಿ. ನಡುವೆ ಹದಿನೇಳು ವರ್ಷ. ಆ ಹೊತ್ತಿಗೆ ಭರವಸೆ ಕೊಟ್ಟು ಶುರು ಮಾಡಿದ ಒಂದು ಅಧ್ಯಯನ ದಡ ಮುಟ್ಟದೆ ನಿಂತುಹೋಯಿತು. ತನ್ನ ಗಂಡನ ಸಾವನ್ನು ಕಂಬಳಿಯಡಿ ತಳ್ಳಿದರು ಎಂದು ಲರೇನ್‌ಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮಗಳು ಡಾನ್ ಸುಮ್ಮನಾಗಲಿಲ್ಲ. 2014ರಲ್ಲಿ ‘ಜಸ್ಟಿಸ್ ಫಾರ್ ಜೆಫ್’ ಅಭಿಯಾನ ಶುರುವಾಯಿತು. ಹಾಥಾರ್ನ್ಸ್ ಮೈದಾನದಲ್ಲಿ ಆಲ್ಬಿಯನ್ ಅಭಿಮಾನಿಗಳು ಪಂದ್ಯದ ಒಂಬತ್ತನೇ ನಿಮಿಷಕ್ಕೆ ಎದ್ದು ಚಪ್ಪಾಳೆ ಹೊಡೆಯತೊಡಗಿದರು. ಆ್ಯಸಲ್ ಅಂಗಿಯ ಸಂಖ್ಯೆ 9.

ಅದೇ ವರ್ಷ ಗ್ಲಾಸ್ಗೊದ ಮೆದುಳಿನ ರೋಗನಿದಾನ ತಜ್ಞ ವಿಲ್ಲಿ ಸ್ಟುವರ್ಟ್ ಕುಟುಂಬದ ಒಪ್ಪಿಗೆ ಪಡೆದು, ತೆಗೆದಿಟ್ಟಿದ್ದ ಆ್ಯಸಲ್ ಮೆದುಳನ್ನು ಹೊಸದಾಗಿ ಪರೀಕ್ಷಿಸಿದರು. ಸಿಟಿಇ ಎಂದು ಖಚಿತವಾಯಿತು. 2015ರ ಏಪ್ರಿಲ್ 11ರಂದು ಲೆಸ್ಟರ್ ವಿರುದ್ಧದ ಪ್ರೀಮಿಯರ್ ಲೀಗ್ ಪಂದ್ಯದಲ್ಲಿ ಆಲ್ಬಿಯನ್ ಆಟಗಾರರು 1968ರ ಫೈನಲ್‌ನ ಮಾದರಿಯ ಬಿಳಿ ಅಂಗಿ ತೊಟ್ಟು ಆಡಿದರು. 3–2ರಿಂದ ಸೋತರು. ಅಂದೇ ಆ್ಯಸಲ್ ಹೆಸರಿನ ಪ್ರತಿಷ್ಠಾನಕ್ಕೂ ಚಾಲನೆ ಸಿಕ್ಕಿತು.

ಆದರೆ ಒಬ್ಬನ ಮೆದುಳು ಒಬ್ಬನ ಕತೆ ಮಾತ್ರ. ಅದನ್ನು ಇಟ್ಟುಕೊಂಡು ಇಡೀ ಆಟದ ಮೇಲೆ ತೀರ್ಪು ಕೊಡಲಾಗದು. ಇದನ್ನು ಬಗೆಹರಿಸಲು ಸ್ಟುವರ್ಟ್ ತಂಡ ಹಿಡಿದ ದಾರಿ ಸರಳ. ಸ್ಕಾಟ್ಲೆಂಡಿನಲ್ಲಿ 1900ರಿಂದ 1976ರ ನಡುವೆ ಹುಟ್ಟಿದ 7,676 ಮಾಜಿ ವೃತ್ತಿಪರ ಆಟಗಾರರನ್ನು ಪಟ್ಟಿ ಮಾಡಿದರು. ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅಂಥದೇ ಬಡತನ ಸಿರಿತನದ ಸುತ್ತಿನಿಂದ ಬಂದ ಮೂವರು ಸಾಮಾನ್ಯರನ್ನು ಜೋಡಿಸಿದರು, ಒಟ್ಟು ಸುಮಾರು 23,000. ಯಾರು ಯಾವುದರಿಂದ ಸತ್ತರು ಎಂದು ಮರಣಪತ್ರಗಳಲ್ಲಿ ಹುಡುಕಿದರು. ಸಾಮಾನ್ಯರಲ್ಲಿ ಮೆದುಳು ಸವೆಯುವ ರೋಗಗಳಿಂದ ಸತ್ತವರು 0.5 ಶೇಕಡ, ಆಟಗಾರರಲ್ಲಿ 1.7 ಶೇಕಡ. ವಯಸ್ಸು ಮುಂತಾದವನ್ನು ಸರಿದೂಗಿಸಿ ಲೆಕ್ಕ ಹಾಕಿದರೆ ಅಪಾಯ ಮೂರೂವರೆ ಪಟ್ಟು.

ಆಡಿದವರು ಗಟ್ಟಿಮುಟ್ಟು, ಹೆಚ್ಚು ಕಾಲ ಬದುಕುತ್ತಾರೆ, ಬದುಕಿದವರಿಗೇ ತಾನೆ ಮರೆವು ಬರುವುದು ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿ ಹುರುಳಿದೆ. ಎಪ್ಪತ್ತರವರೆಗೆ ಆಟಗಾರರು ನಿಜಕ್ಕೂ ಕಡಿಮೆ ಸಾಯುತ್ತಾರೆ. ಹೃದಯಾಘಾತ, ಶ್ವಾಸಕೋಶದ ಕ್ಯಾನ್ಸರ್ ಎರಡೂ ಅವರಲ್ಲಿ ಕಡಿಮೆ. ಆದರೆ ಆ ಲಾಭವನ್ನು ಕಳೆದು ನೋಡಿದರೂ ಮೂರೂವರೆ ಪಟ್ಟು ಹಾಗೇ ಉಳಿಯಿತು. ಆಟ ಎದೆಗೆ ಒಳ್ಳೆಯದು ಮಾಡಿ ತಲೆಗೆ ಕೆಟ್ಟದು ಮಾಡಿತು.

ಹಾಗಾದರೆ ಹೆಡಿಂಗ್‌ನಿಂದಲೇ ಎಂದು ಹೇಗೆ ಹೇಳುವುದು? 2021ರಲ್ಲಿ ಅದೇ ತಂಡ ಆಟಗಾರರನ್ನು ಜಾಗಕ್ಕೆ ತಕ್ಕಂತೆ ವಿಂಗಡಿಸಿತು. ಗೋಲ್‌ಕೀಪರ್ ಅದೇ ಕ್ಲಬ್, ಅದೇ ಊಟ, ಅದೇ ಬಸ್ಸಿನವನು. ತಲೆ ಮಾತ್ರ ಕೊಡುವುದಿಲ್ಲ. ಅವರಲ್ಲಿ ಅಪಾಯ ಸ್ಪಷ್ಟವಾಗಿ ಏರಿದ್ದು ಕಾಣಲಿಲ್ಲ. ದಿನಬೆಳಗಾದರೆ ಎತ್ತರದ ಚೆಂಡನ್ನು ತಲೆಯಿಂದ ಹೊರಗಟ್ಟುವ ಡಿಫೆಂಡರ್‌ಗಳಲ್ಲಿ ಅದು ಸುಮಾರು ಐದು ಪಟ್ಟು. ಹೆಚ್ಚು ವರ್ಷ ಆಡಿದವರಿಗೆ ಹೆಚ್ಚು ಅಪಾಯ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಆಟಗಾರ ಯಾವ ದಶಕದಲ್ಲಿ ಹುಟ್ಟಿದ್ದರೂ ಅಪಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಚರ್ಮದ ಚೆಂಡಿನವರಿಗೂ ಸಿಂಥೆಟಿಕ್ ಚೆಂಡು ಕಂಡವರಿಗೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಳೇ ಚೆಂಡಿನ ಮೇಲೆ ತಪ್ಪು ಹೊರಿಸಿ ನಿಟ್ಟುಸಿರು ಬಿಡುವ ದಾರಿ ಅಲ್ಲಿಗೆ ಮುಚ್ಚಿತು. ಇದು ಲೋಪವಿಲ್ಲದ ಸಾಕ್ಷ್ಯ ಎನ್ನುವುದಿಲ್ಲ. ತಲೆಗೆ ತಲೆ, ಮೊಣಕೈಗೆ ತಲೆ ಡಿಕ್ಕಿಯಾಗುವುದೂ ಡಿಫೆಂಡರ್‌ಗಳಿಗೇ ಹೆಚ್ಚು, ಅದನ್ನು ಹೆಡಿಂಗ್‌ನಿಂದ ಬೇರ್ಪಡಿಸಿ ಅಳೆಯುವುದು ಕಷ್ಟ. ಹೆಡಿಂಗ್ ಮಾಡಿದವರೆಲ್ಲ ಕಾಯಿಲೆ ಬೀಳುವುದೂ ಇಲ್ಲ. ಆದರೂ ಬೆರಳು ಯಾವ ಕಡೆ ತೋರಿಸುತ್ತಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಅಷ್ಟರಲ್ಲಿ 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹನ್ನೊಂದು ಜನರಲ್ಲಿ ಐವರಿಗೆ ಡಿಮೆನ್ಶಿಯಾ ಬಂದಿತ್ತು: ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ಜಾಕ್ ಚಾರ್ಲ್ಟನ್, ನಾಬಿ ಸ್ಟೈಲ್ಸ್, ಬಾಬಿ ಚಾರ್ಲ್ಟನ್. ಅಂಕಿಅಂಶಕ್ಕೆ ಕಿವಿಗೊಡದವರೂ ಈ ಹೆಸರುಗಳಿಗೆ ಕಿವಿಗೊಟ್ಟರು.

ಕಸುಬಿನ ರೋಗ ಎಂದು ಕರೋನರ್ ಬರೆದುಕೊಟ್ಟರೆ ಪರಿಹಾರ ತಾನಾಗಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೆ ಬ್ರಿಟನ್ ಸರ್ಕಾರದ ಬಳಿ ಪ್ರತ್ಯೇಕ ಪಟ್ಟಿಯಿದೆ, ಇಂಥ ಕೆಲಸದವನಿಗೆ ಇಂಥ ರೋಗ ಬಂದರೆ ಇಷ್ಟು ಎಂದು. ಆ ಪಟ್ಟಿಯಲ್ಲಿ ಫುಟ್‌ಬಾಲ್ ಆಟಗಾರರನ್ನು ಸೇರಿಸಿ ಎಂಬ ಒತ್ತಾಯಕ್ಕೆ ಡಾನ್ ಆ್ಯಸಲ್ ದನಿಗೂಡಿಸಿದ್ದಾರೆ. ಒಂದು ಕಾಲಕ್ಕೆ ಆಟಗಾರರ ಸಂಘವನ್ನು ಬಾಗಿಲಾಚೆ ನಿಂತು ಪ್ರಶ್ನಿಸಿದ ಆಕೆ ಈಗ ಅದೇ ಸಂಘದಲ್ಲಿ ಮೆದುಳಿನ ಆರೋಗ್ಯದ ವಿಭಾಗದಲ್ಲಿ ಕೆಲಸ ಮಾಡುತ್ತಾರೆ.

ನಿಯಮಗಳು ಬಂದವು, ತಡವಾಗಿ. 2020ರಲ್ಲಿ ಹನ್ನೊಂದು ವರ್ಷದವರೆಗಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಕಲಿಸಬೇಡಿ ಎಂದಿತು ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ. 2021ರಲ್ಲಿ ದೊಡ್ಡವರಿಗೂ ಮಿತಿ: ದೂರದ ಪಾಸ್, ಕ್ರಾಸ್, ಕಾರ್ನರ್‌ಗಳಿಂದ ಬರುವ ಜೋರಿನ ಚೆಂಡಿಗೆ ತರಬೇತಿಯಲ್ಲಿ ವಾರಕ್ಕೆ ಹತ್ತು ಸಲ ಮಾತ್ರ ತಲೆ ಕೊಡಬೇಕು. ಹತ್ತನ್ನು ಎಣಿಸಿಕೊಳ್ಳಬೇಕಾದವರು ಕ್ಲಬ್‌ನವರೇ, ಪಂದ್ಯದ ದಿನಕ್ಕೆ ಯಾವ ಮಿತಿಯೂ ಇಲ್ಲ. ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ್ಯಸಲ್ ತಲೆಗೆ ಹೆಚ್ಚು ಪೆಟ್ಟು ಬಿದ್ದದ್ದು ಕ್ಯಾಮೆರಾ ಇಲ್ಲದ ವಾರದ ದಿನಗಳಲ್ಲಿ. ಆ ಮಟ್ಟಿಗೆ ಈ ನಿಯಮ ಸರಿಯಾದ ಜಾಗಕ್ಕೇ ಕೈ ಹಾಕಿದೆ.

ಚಿಕ್ಕವರ ಪಂದ್ಯಗಳಿಂದಲೂ ಹೆಡಿಂಗ್ ಅನ್ನು ಹಂತಹಂತವಾಗಿ ತೆಗೆಯುವ ಕೆಲಸ 2024–25ರ ಸಾಲಿನಿಂದ ಶುರುವಾಯಿತು, ಮೊದಲು ಏಳರಿಂದ ಒಂಬತ್ತು ವರ್ಷದ ಮಟ್ಟದಲ್ಲಿ. ಆ್ಯಸಲ್ ಹುಟ್ಟಿದ ಸೀಮೆಯಲ್ಲಿ ಈಗ ಎಂಟು ವರ್ಷದ ಹುಡುಗನೊಬ್ಬ ಎತ್ತರದ ಚೆಂಡಿಗೆ ಬೇಕೆಂದೇ ಹಾರಿ ತಲೆ ಕೊಟ್ಟರೆ ರೆಫರಿ ಸೀಟಿ ಊದುತ್ತಾರೆ, ಚೆಂಡನ್ನು ನೆಲಕ್ಕಿಟ್ಟು ಎದುರು ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಡುತ್ತಾರೆ.